ತುರ್ತು ಸೇವೆಯ ಡಿಜಿಟಲ್ ರೇಡಿಯೊ: ಅದು ಕೈಕೊಡುವ ಬಗೆ

ಅಗ್ನಿಶಾಮಕ ದಳದವರು, ಪೊಲೀಸರು, ಆಂಬುಲೆನ್ಸ್ ಸಿಬ್ಬಂದಿ ಹಿಡಿದು ಓಡಾಡುವ ವಾಕಿಟಾಕಿ ನಾವೆಲ್ಲ ನೋಡಿರುವ ವಸ್ತು. ಕಳೆದ ಮೂವತ್ತು ವರ್ಷಗಳಲ್ಲಿ ಅದರ ಒಳಗೆ ಆದ ಬದಲಾವಣೆ ಮಾತ್ರ ಹೊರಗಿನವರ ಕಣ್ಣಿಗೆ ಬಿದ್ದಿಲ್ಲ. ದನಿಯ ಏರಿಳಿತವನ್ನೇ ರೇಡಿಯೊ ಅಲೆಯ ಏರಿಳಿತವಾಗಿಸಿ ಕಳಿಸುತ್ತಿದ್ದ ಅನಲಾಗ್ ಸೆಟ್ಟುಗಳು ಹಿಂದೆ ಸರಿದು, ದನಿಯನ್ನು ಅಂಕಿಗಳಾಗಿ ಬದಲಿಸಿ ಕಳಿಸುವ ಡಿಜಿಟಲ್ ಸೆಟ್ಟುಗಳು ಬಂದಿವೆ. ಯುರೋಪಿನ ಬಹುತೇಕ ದೇಶಗಳಲ್ಲಿ ಇದಕ್ಕೆ ಟೆಟ್ರಾ ಎಂಬ ಮಾನಕವಿದೆ. ಅಮೆರಿಕದಲ್ಲಿ ಪಿ25 ಎಂಬುದಿದೆ. ದೆಹಲಿಯ, ಬೆಂಗಳೂರಿನ ಮೆಟ್ರೊ ಚಾಲಕರು ನಿಯಂತ್ರಣ ಕೊಠಡಿಯೊಂದಿಗೆ ಮಾತಾಡುವುದೂ ಟೆಟ್ರಾದಲ್ಲೇ. ನಮ್ಮ ದೇಶದ ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಗಳೂ ಒಂದೊಂದಾಗಿ ಈ ದಾರಿ ಹಿಡಿಯುತ್ತಿವೆ. ನಮಗಿಂತ ಮೊದಲು ಆ ದಾರಿಯಲ್ಲಿ ನಡೆದವರಿಗೆ ಏನಾಯಿತು ಎಂಬುದನ್ನು ನೋಡಲು ಇದೇ ಸರಿಯಾದ ಹೊತ್ತು ಎಂದು ನಾನು ನಂಬಿದ್ದೇನೆ.

ಡಿಜಿಟಲ್ ವ್ಯವಸ್ಥೆಯ ಗುಣಗಳನ್ನು ಮೊದಲೇ ಒಪ್ಪಿಕೊಂಡುಬಿಡೋಣ. 25 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್ಲಿನಲ್ಲಿ ಅನಲಾಗ್ ಸೆಟ್ ಒಂದು ಮಾತುಕತೆ ನಡೆಸಿದರೆ, ಟೆಟ್ರಾ ಅದೇ ಜಾಗದಲ್ಲಿ ನಾಲ್ಕನ್ನು ನಡೆಸುತ್ತದೆ. ಕಳ್ಳಗಿವಿಯಿಟ್ಟವರಿಗೆ ಸುಲಭವಾಗಿ ಕೇಳಿಸದು. ಯಾರು ಮಾತಾಡುತ್ತಿದ್ದಾರೆಂಬುದು ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಮೂಡುತ್ತದೆ. ಅಪಾಯದಲ್ಲಿರುವವರು ತುರ್ತು ಗುಂಡಿ ಒತ್ತಿದರೆ ಉಳಿದ ಮಾತು ಬದಿಗೆ ಸರಿದು ಅವರಿಗೆ ದಾರಿ ಸಿಗುತ್ತದೆ. ಸಂಕೇತ ಸಾಕಷ್ಟು ಬಲವಾಗಿರುವಷ್ಟು ಹೊತ್ತು ದನಿ ಗೊರಗೊರ ಇಲ್ಲದೆ ಸ್ವಚ್ಛವಾಗಿ ಕೇಳುತ್ತದೆ. ಇವು ಸಣ್ಣ ಲಾಭಗಳಲ್ಲ. ಆದರೆ ತುರ್ತು ಸೇವೆಯ ರೇಡಿಯೊವನ್ನು ಅದು ಚೆನ್ನಾಗಿ ನಡೆಯುವ ದಿನಗಳಿಂದ ಅಳೆದರೆ ಸಾಲದು, ಅದು ಕೈಕೊಡುವ ಬಗೆಯಿಂದ ಅಳೆಯಬೇಕು ಎಂಬುದು ನನ್ನ ವಾದ. ಸಂಪರ್ಕ ಹೋಗುತ್ತಿದೆ ಎಂಬುದು ಸೆಟ್ ಹಿಡಿದವರಿಗೆ ಆ ಕ್ಷಣದಲ್ಲೇ ತಿಳಿಯುತ್ತದೆಯೆ? ತಿಳಿದರೆ, ಇನ್ನೊಬ್ಬರನ್ನು ಕೇಳದೆ ಅವರೇ ಏನಾದರೂ ಮಾಡಿಕೊಳ್ಳಬಹುದೆ? ಈ ಎರಡು ಪ್ರಶ್ನೆಗಳ ಮುಂದೆ ಇಂದಿನ ಡಿಜಿಟಲ್ ವ್ಯವಸ್ಥೆಗಳು ಸೋಲುತ್ತಿವೆ. ಆ ಸೋಲಿನ ಬೆಲೆಯನ್ನು ತೆರುವವರು ಟೆಂಡರ್ ಬರೆದವರಲ್ಲ, ಹೊಗೆಯೊಳಗೆ ನುಗ್ಗಿದವರು.

ಮೊದಲು ದನಿಯನ್ನೇ ನೋಡೋಣ. ನಮ್ಮ ಹಳೆಯ ಡಿಜಿಟಲ್ ದೂರವಾಣಿ ಒಂದು ಸೆಕೆಂಡಿನ ಮಾತಿಗೆ 64,000 ಬಿಟ್ ಖರ್ಚು ಮಾಡುತ್ತಿತ್ತು. ಪಿ25 ಸೆಟ್ ಅದೇ ಒಂದು ಸೆಕೆಂಡಿನ ಮಾತನ್ನು 4,400 ಬಿಟ್ಟಿನಲ್ಲಿ ಮುಗಿಸುತ್ತದೆ, ಅಂದರೆ ಹದಿನಾಲ್ಕನೆಯ ಒಂದು ಪಾಲಿಗಿಂತ ಕಡಿಮೆ. ಟೆಟ್ರಾದ ಲೆಕ್ಕವೂ ಇದರ ಆಸುಪಾಸಿನದೇ. ಇಷ್ಟು ಕಡಿಮೆಯಲ್ಲಿ ದನಿಯನ್ನು ಇದ್ದಂತೆ ಕಳಿಸಲು ಸಾಧ್ಯವೇ ಇಲ್ಲ. ಪಿ25 ಸೆಟ್ಟಿನೊಳಗಿನ ಚಿಪ್ ಸೆಕೆಂಡನ್ನು ಐವತ್ತು ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಮನುಷ್ಯನ ಗಂಟಲು ಯಾವ ಸ್ಥಾಯಿಯಲ್ಲಿ ಕಂಪಿಸುತ್ತಿದೆ, ಯಾವ ಆವರ್ತನ ಪಟ್ಟಿಯಲ್ಲಿ ನಾದವಿದೆ, ಯಾವ ಪಟ್ಟಿಯಲ್ಲಿ ಬರೀ ಉಸಿರಿನ ಸದ್ದಿದೆ ಎಂದು ಅಂದಾಜು ಮಾಡುತ್ತದೆ. ಆ ಅಂದಾಜನ್ನು 88 ಬಿಟ್ಟಿನಲ್ಲಿ ಬರೆದು ಕಳಿಸುತ್ತದೆ. ಆಚೆ ತುದಿಯ ಸೆಟ್ ಆ ವಿವರಣೆಯನ್ನು ಓದಿ ಹೊಸದಾಗಿ ಒಂದು ದನಿಯನ್ನು ತಯಾರಿಸುತ್ತದೆ. ಸಾಕ್ಷಿ ಹೇಳಿದ ಚಹರೆಯನ್ನು ಕೇಳಿಕೊಂಡು ಪೊಲೀಸ್ ಕಲಾವಿದ ಆರೋಪಿಯ ಮುಖ ಬರೆಯುತ್ತಾನಲ್ಲ, ಹಾಗೆ. ಸಾಕ್ಷಿ ಕಂಡದ್ದು ಒಂದೇ ಮುಖವಾದರೆ ಚಿತ್ರ ಹೋಲುತ್ತದೆ. ಎರಡು ಮುಖಗಳನ್ನು ಒಟ್ಟಿಗೆ ಕಂಡು ಕಲಸಿ ಹೇಳಿದರೆ ಬರುವ ಚಿತ್ರ ಯಾರದೂ ಆಗಿರುವುದಿಲ್ಲ. ಈ ಚಿಪ್ಪಿನ ಲೆಕ್ಕಾಚಾರ ನಿಂತಿರುವುದು ತನ್ನ ಮುಂದಿರುವುದು ಒಂದು ಮನುಷ್ಯ ಗಂಟಲು ಮಾತ್ರ ಎಂಬ ನಂಬಿಕೆಯ ಮೇಲೆ. ಕಚೇರಿಯ ಕೋಣೆಯಲ್ಲಿ ಆ ನಂಬಿಕೆ ನಿಜ. ಬೆಂಕಿ ಬಿದ್ದ ಮನೆಯಲ್ಲಿ ನಿಜವಲ್ಲ.

ಅಲ್ಲಿ ಇರುವ ಸದ್ದುಗಳನ್ನು ಒಮ್ಮೆ ನೆನೆಯಿರಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿ ಮಾತಾಡುವುದು ಮುಖಕ್ಕೆ ಬಿಗಿದ ಗಟ್ಟಿ ಮುಖಗವಸಿನ ಒಳಗಿನಿಂದ. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದರೆ ಒಂದು ಎಚ್ಚರಿಕೆ ಗಂಟೆ ಬಡಿದುಕೊಳ್ಳುತ್ತದೆ. ಅವರು ಅರ್ಧ ನಿಮಿಷದಷ್ಟು ಅಲುಗಾಡದೆ ಬಿದ್ದಿದ್ದರೆ ಮೈಮೇಲಿನ ಇನ್ನೊಂದು ಸಾಧನ ಕಿರುಚತೊಡಗುತ್ತದೆ. ಸುತ್ತ ಮರ ಸೀಳುವ, ಕಬ್ಬಿಣ ಕೊಯ್ಯುವ ಗರಗಸಗಳು, ನೀರಿನ ಪೈಪಿನ ಮೊರೆತ, ಲಾರಿಯ ಪಂಪು. ಅಮೆರಿಕದ ಅಗ್ನಿಶಾಮಕ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘಕ್ಕೆ ಹಲವು ಊರುಗಳಿಂದ ಒಂದೇ ದೂರು ಬರತೊಡಗಿತು: ಹೊಸ ಸೆಟ್ಟಿನಲ್ಲಿ ಗದ್ದಲದ ನಡುವೆ ಮಾತು ತಿಳಿಯುತ್ತಿಲ್ಲ. ಸಂಘ ಇದನ್ನು ಪರಿಶೀಲಿಸಲು ಒಂದು ಕಾರ್ಯತಂಡವನ್ನು ಕಟ್ಟಿತು. ಅಲ್ಲಿನ ವಾಣಿಜ್ಯ ಇಲಾಖೆಯ ದೂರಸಂಪರ್ಕ ಪ್ರಯೋಗಾಲಯ ಪರೀಕ್ಷೆ ನಡೆಸಿ 2008ರ ಜೂನ್‌ನಲ್ಲಿ ವರದಿ ಕೊಟ್ಟಿತು. ಒಂದೇ ಪ್ರಾಸದ ಪದಗಳಲ್ಲಿ ಯಾವುದನ್ನು ಹೇಳಿದರೆಂದು ಕೇಳುವವರು ಗುರುತಿಸಬೇಕಾದ ಪರೀಕ್ಷೆ ಅದು. ಹಿನ್ನೆಲೆಯಲ್ಲಿ ಗರಗಸ, ಎಚ್ಚರಿಕೆ ಗಂಟೆ, ನೀರಿನ ಮೊರೆತ. ಕೇಳಿದವರು ತುರ್ತು ಸೇವೆಯಲ್ಲೇ ಇದ್ದವರು. ಕೆಲವು ಸದ್ದಿನಲ್ಲಿ ಎರಡು ಬಗೆಯ ಸೆಟ್ಟುಗಳೂ ಸಮಸಮ ಬಂದವು, ಕೆಲವದರಲ್ಲಿ ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಆದರೆ ಮುಖಗವಸು ಹಾಕಿ ಹತ್ತಿರದಲ್ಲೇ ಜೋರು ಸದ್ದಿರುವಂಥ ಕೆಲವು ಸಂದರ್ಭಗಳಲ್ಲಿ ಡಿಜಿಟಲ್ ಅನಲಾಗಿಗಿಂತ ಎದ್ದು ಕಾಣುವಷ್ಟು ಹಿಂದೆ ಬಿತ್ತು. ನನ್ನನ್ನು ಕಾಡುವುದು ಆ ಸದ್ದುಗಳ ಪಟ್ಟಿ. ಗಾಳಿ ಮುಗಿಯುತ್ತಿದೆ ಎಂಬ ಗಂಟೆ, ಈತ ಅಲುಗಾಡುತ್ತಿಲ್ಲ ಎಂಬ ಕಿರುಚಾಟ: ಜೀವಕ್ಕೆ ಅಪಾಯ ಬಂದಾಗಲೇ ಹೊರಡಬೇಕೆಂದು ಮಾಡಿದ ಸದ್ದುಗಳಿವು. ಆ ಹೊತ್ತಿಗೇ ಮಾತು ಕಲಸಿಹೋಗುತ್ತದೆ ಎಂದರೆ ಒಂದು ರಕ್ಷಣಾ ಸಾಧನ ಇನ್ನೊಂದು ರಕ್ಷಣಾ ಸಾಧನದ ಬಾಯಿ ಮುಚ್ಚುತ್ತಿದೆ ಎಂದೇ ಅರ್ಥ.

ಇದಕ್ಕೆ ತಯಾರಕರ ಉತ್ತರವಿದೆ, ಅದರಲ್ಲಿ ಹುರುಳೂ ಇದೆ. ಆ ಪರೀಕ್ಷೆ ಹಳೆಯದು, ಆಮೇಲೆ ಚಿಪ್ಪುಗಳ ಲೆಕ್ಕಾಚಾರ ಸುಧಾರಿಸಿದೆ, ಗದ್ದಲವನ್ನು ಮೊದಲೇ ಸೋಸುವ ಎರಡು ಮೈಕುಗಳ ಸೆಟ್ಟುಗಳು ಬಂದಿವೆ ಎನ್ನುತ್ತಾರೆ. ಸುಧಾರಿಸಿರುವುದು ನಿಜ. ಆದರೆ ಸುಧಾರಣೆ ಬಂದ ಕ್ರಮವನ್ನು ಗಮನಿಸಿ. ಮಾನಕ ಬರೆದಾಗ, ಸಾವಿರಾರು ಸೆಟ್ಟುಗಳನ್ನು ಮಾರಿದಾಗ ಗರಗಸದ ಪಕ್ಕದಲ್ಲಿ ಯಾರೂ ಪರೀಕ್ಷಿಸಿರಲಿಲ್ಲ. ಬೆಂಕಿಯಲ್ಲಿ ಕೆಲಸ ಮಾಡುವವರು ದೂರಿದ ಮೇಲೆ ಪರೀಕ್ಷೆ ನಡೆಯಿತು. ಅಲ್ಲಿಯವರೆಗೆ ಸಂಘ ಕೊಟ್ಟ ಸಲಹೆ ಏನಿತ್ತೆಂದರೆ, ಮೈಕನ್ನು ಮುಖಗವಸಿನ ದನಿ ಬರುವ ಜಾಗಕ್ಕೆ ಒಂದೆರಡು ಇಂಚಿನಷ್ಟು ಹತ್ತಿರ ಹಿಡಿಯಿರಿ, ಗದ್ದಲಕ್ಕೆ ಮೈಕನ್ನು ಮರೆಮಾಡಿ. ಒಂದು ಕೈಯಲ್ಲಿ ನೀರಿನ ಪೈಪು, ಇನ್ನೊಂದರಲ್ಲಿ ಗೋಡೆ ತಡವುತ್ತ, ಕಣ್ಣಿಗೆ ಏನೂ ಕಾಣದೆ ತೆವಳುತ್ತಿರುವವರಿಗೆ ಕೊಟ್ಟ ಸಲಹೆ ಅದು. ಉಪಕರಣದ ದೋಷವನ್ನು ಮನುಷ್ಯನ ಶಿಸ್ತಿನಿಂದ ತುಂಬಿಸಿಕೊಳ್ಳಿ ಎಂದಂತೆ. ಸಂಘದ ಮೇಲೆ ನನಗೆ ಆಕ್ಷೇಪವಿಲ್ಲ, ಇದ್ದುದರಲ್ಲಿ ಅವರು ಹೇಳಬಹುದಾಗಿದ್ದದ್ದು ಅಷ್ಟೇ. ಆಕ್ಷೇಪ ಇರುವುದು ಅಂಥ ಸ್ಥಿತಿಗೆ ಅವರನ್ನು ತಂದ ಖರೀದಿಯ ಮೇಲೆ.

ದನಿ ಕಲಸಿಹೋಗುವುದಕ್ಕಿಂತ ದೊಡ್ಡ ತೊಂದರೆ ದನಿ ನಿಲ್ಲುವ ರೀತಿಯಲ್ಲಿದೆ. ಅನಲಾಗ್ ಸೆಟ್ ಹಿಡಿದು ಕಟ್ಟಡದ ಒಳಕ್ಕೆ ಹೋದಂತೆ ಹಿನ್ನೆಲೆಯ ಸುಯ್ಯನೆಯ ಸದ್ದು ಏರುತ್ತ ಬರುತ್ತದೆ. ಅದು ಕಿರಿಕಿರಿಯೂ ಹೌದು, ಮಾಹಿತಿಯೂ ಹೌದು. ಅನುಭವಿಯೊಬ್ಬರು ಆ ಸುಯ್ಯನ್ನು ಕೇಳಿಯೇ ತಾನು ಸಂಪರ್ಕದ ಅಂಚಿಗೆ ಬಂದೆನೆಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಕಿಟಕಿಯ ಹತ್ತಿರ ಹೋಗುತ್ತಾರೆ. ಸದ್ದಿನಲ್ಲಿ ಮುಳುಗಿದ ಮಾತನ್ನೂ ಮನುಷ್ಯನ ಕಿವಿ ಅರ್ಧಂಬರ್ಧ ಹೆಕ್ಕಿಕೊಳ್ಳಬಲ್ಲದು. ಡಿಜಿಟಲ್ ಸೆಟ್ಟಿನಲ್ಲಿ ತಪ್ಪಿದ ಬಿಟ್ಟುಗಳನ್ನು ಸರಿಪಡಿಸುವ ಗಣಿತವಿರುತ್ತದೆ. ಅದು ಸರಿಪಡಿಸಬಲ್ಲಷ್ಟು ಹೊತ್ತು ದನಿ ತಿಳಿಯಾಗಿಯೇ ಇರುತ್ತದೆ, ಅದರ ಮಿತಿ ದಾಟಿದ ಕೂಡಲೇ ಮಾತು ಚೂರುಚೂರಾಗಿ, ಮರುಕ್ಷಣ ಮೌನ. ಅಂಚು ಹತ್ತಿರವಾಗುತ್ತಿದೆ ಎಂದು ಕಿವಿಗೆ ಯಾರೂ ಹೇಳುವುದಿಲ್ಲ. ಆ ಮೌನವನ್ನು ಕೇಳುವವರು ಎರಡು ರೀತಿ ಅರ್ಥ ಮಾಡಿಕೊಳ್ಳಬಹುದು: ಯಾರೂ ಮಾತಾಡುತ್ತಿಲ್ಲ, ಅಥವಾ ಯಾರೋ ಮಾತಾಡುತ್ತಿದ್ದಾರೆ, ನನಗೆ ಕೇಳುತ್ತಿಲ್ಲ. ಹೊರಗೆ ನಿಂತ ಅಧಿಕಾರಿಗೆ ಈ ಎರಡರ ವ್ಯತ್ಯಾಸ ಒಂದು ಜೀವದ್ದು. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆ 2001ರ ಮಾರ್ಚ್‌ನಲ್ಲಿ ಹೊಸ ಡಿಜಿಟಲ್ ಕೈಸೆಟ್ಟುಗಳನ್ನು ಹಂಚಿತು. ಕ್ವೀನ್ಸ್ ಬಡಾವಣೆಯ ಒಂದು ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡ ಸಿಬ್ಬಂದಿಯ ಅಪಾಯದ ಕರೆ ಸ್ಥಳದಲ್ಲೇ ಇದ್ದ ಜೊತೆಗಾರರಿಗೆ ಕೇಳಲಿಲ್ಲವೆಂಬ ದೂರು ಬಂತು. ಕೆಲವೇ ದಿನಗಳಲ್ಲಿ ಇಲಾಖೆ ಅಷ್ಟೂ ಸೆಟ್ಟುಗಳನ್ನು ಹಿಂದಕ್ಕೆ ತೆಗೆದುಕೊಂಡು ಹಳೆಯದನ್ನೇ ಮತ್ತೆ ಕೊಟ್ಟಿತು.

ಇಲ್ಲಿಗೆ ಬಂದಾಗ ಬಲ್ಲವರು ಎತ್ತುವ ಆಕ್ಷೇಪ ಗಟ್ಟಿಯಾದದ್ದು. ಅದೇ ವರ್ಷದ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳನ್ನು ಏರಿದವರ ಕೈಯಲ್ಲಿದ್ದದ್ದು ಆ ಹಳೆಯ ಅನಲಾಗ್ ಸೆಟ್ಟೇ ಅಲ್ಲವೆ? ಅಂದು 343 ಅಗ್ನಿಶಾಮಕ ಸಿಬ್ಬಂದಿ ಸತ್ತರು, ಹೊರಗೆ ಬನ್ನಿ ಎಂಬ ಆಜ್ಞೆ ಉತ್ತರದ ಗೋಪುರದಲ್ಲಿದ್ದ ಹಲವರಿಗೆ ತಲುಪಲೇ ಇಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 72 ಜನ ಬೆಂಕಿಗೆ ಬಲಿಯಾದಾಗ ಕಾಂಕ್ರೀಟಿನ ಮಹಡಿಗಳ ನಡುವೆ ಒದ್ದಾಡಿದ್ದೂ ಅನಲಾಗ್ ಕೈಸೆಟ್ಟುಗಳೇ. ನಾರ್ವೆಯಲ್ಲಿ 2011ರ ಜುಲೈ 22ರಂದು ಓಸ್ಲೊ ಮತ್ತು ಉಟಾಯಾ ದ್ವೀಪದಲ್ಲಿ 77 ಜನರ ಹತ್ಯೆಯಾದಾಗ ಓಸ್ಲೊ ಪೊಲೀಸರ ಬಳಿ ಹೊಸ ಡಿಜಿಟಲ್ ಜಾಲವಿತ್ತು, ದ್ವೀಪವಿದ್ದ ಪಕ್ಕದ ಜಿಲ್ಲೆಗೆ ಅದು ಇನ್ನೂ ಬಂದಿರಲಿಲ್ಲ, ಇಬ್ಬರಿಗೂ ನೇರ ಮಾತು ಸಾಧ್ಯವಾಗಲಿಲ್ಲ. ಇದೆಲ್ಲವೂ ನಿಜ, ಅನಲಾಗ್ ರೇಡಿಯೊ ದೋಷವಿಲ್ಲದ್ದೆಂದು ನಾನು ಹೇಳುತ್ತಿಲ್ಲ. ಆದರೆ ನ್ಯೂಯಾರ್ಕಿನ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಿ. 1993ರ ಬಾಂಬ್ ದಾಳಿಯ ಬಳಿಕ ಎತ್ತರದ ಮಹಡಿಗಳಿಗೆ ಸಂಕೇತ ಮುಟ್ಟಲೆಂದೇ ಆ ಕಟ್ಟಡಗಳಲ್ಲಿ ಒಂದು ರಿಪೀಟರ್ ಅಳವಡಿಸಿದ್ದರು. ತನಿಖಾ ಆಯೋಗದ ಪ್ರಕಾರ ಅಂದು ರಿಪೀಟರಿನ ಒಂದು ಗುಂಡಿ ಒತ್ತಿತ್ತು, ಕೆಳಗಿನ ಮುಖ್ಯ ಹ್ಯಾಂಡ್‌ಸೆಟ್ಟಿನ ಇನ್ನೊಂದು ಗುಂಡಿ ಒತ್ತಿರಲಿಲ್ಲ. ಪರೀಕ್ಷಿಸಿದ ಅಧಿಕಾರಿಗಳು ರಿಪೀಟರ್ ಕೆಟ್ಟಿದೆಯೆಂದು ಬಗೆದು ಬೇರೆ ಚಾನೆಲ್ಲಿಗೆ ಹೋದರು. ಹಿಡಿದವರ ಕೈಗೂ ಕೇಳುವವರ ಕಿವಿಗೂ ನಡುವೆ ಮೂರನೆಯದೊಂದು ಯಂತ್ರ ಬಂದು, ಅದರ ಸ್ಥಿತಿ ಏನೆಂಬುದು ಇಬ್ಬರಿಗೂ ಕಾಣದೆ ಹೋದಾಗ ಆಗುವ ಅನಾಹುತಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಡ. ಅನಲಾಗ್ ಕಾಲದಲ್ಲಿ ಅಂಥ ಯಂತ್ರಗಳು ಅಲ್ಲೊಂದು ಇಲ್ಲೊಂದು ಇದ್ದವು. ಈಗಿನ ಜಾಲದಲ್ಲಿ ಸಾಲುಸಾಲಾಗಿವೆ.

ಆ ಸಾಲನ್ನು ಒಮ್ಮೆ ಹಿಂಬಾಲಿಸೋಣ. ಟೆಟ್ರಾ ಜಾಲದಲ್ಲಿ ಹತ್ತು ಮೀಟರ್ ದೂರದ ಜೊತೆಗಾರನಿಗೆ ಮಾತಾಡಬೇಕೆಂದು ಗುಂಡಿ ಒತ್ತಿದರೆ, ಸೆಟ್ ಮೊದಲು ಟವರಿಗೆ ಅನುಮತಿ ಕೇಳುತ್ತದೆ. ಟವರಿನ ಹಿಂದಿರುವ ಕಂಪ್ಯೂಟರ್ ಖಾಲಿ ಜಾಗ ಹುಡುಕಿ ಕೊಟ್ಟಾಗ ಬೀಪ್ ಕೇಳುತ್ತದೆ, ಆಮೇಲೆ ಮಾತು. ಬೀಪಿಗೆ ಮೊದಲು ಆಡಿದ ಪದ ಹೋಯಿತು. ಗಾಬರಿಯಲ್ಲಿರುವವರು ಬೀಪಿಗೆ ಕಾಯುವುದಿಲ್ಲ. ಜಾಗವಿಲ್ಲದಿದ್ದರೆ ಸೆಟ್ ನಿರಾಕರಣೆಯ ಸದ್ದು ಮಾಡಿ ಸುಮ್ಮನಾಗುತ್ತದೆ. ಡಚ್ಚರ ಸಿ2000 ಜಾಲ 2009ರಲ್ಲಿ ಎರಡು ಸಲ, ಸ್ಕಿಪೋಲ್ ವಿಮಾನ ನಿಲ್ದಾಣದ ಬಳಿ ಟರ್ಕಿಶ್ ಏರ್‌ಲೈನ್ಸ್ ವಿಮಾನ ಬಿದ್ದಾಗ ಮತ್ತು ಹೂಕ್ ಆಫ್ ಹಾಲೆಂಡ್ ಕಡಲತೀರದ ಗಲಭೆಯಲ್ಲಿ, ಇಂಥ ದಟ್ಟಣೆಗೆ ಸಿಕ್ಕಿ ಟೀಕೆಗೆ ಒಳಗಾಯಿತು. ಇನ್ನು ಆ ಟವರಿಗೆ ಕರೆಂಟ್ ಬೇಕು, ಕರೆಂಟ್ ಹೋದರೆ ಬ್ಯಾಟರಿ ಬೇಕು, ಹಿಂದಿನ ಕೇಂದ್ರಕ್ಕೆ ಕೇಬಲ್ ಬೇಕು. ಜರ್ಮನಿಯ ಆರ್ ಕಣಿವೆಯಲ್ಲಿ 2021ರ ಜುಲೈ ಮಧ್ಯದಲ್ಲಿ ಒಂದೇ ರಾತ್ರಿಯ ನೆರೆ 130ಕ್ಕೂ ಹೆಚ್ಚು ಜನರನ್ನು ಕೊಂದಾಗ ನೆರೆ ಕೊಚ್ಚಿಕೊಂಡು ಹೋದದ್ದು ಸೇತುವೆಗಳನ್ನು ಮಾತ್ರವಲ್ಲ, ವಿದ್ಯುತ್ ಮತ್ತು ಕೇಬಲ್ ಮಾರ್ಗಗಳನ್ನೂ. ಜಗತ್ತಿನ ಅತಿ ದೊಡ್ಡ ಟೆಟ್ರಾ ಜಾಲಗಳಲ್ಲಿ ಒಂದಾದ ಜರ್ಮನ್ ಜಾಲದ ಕೇಂದ್ರಗಳು ಅಲ್ಲಿ ಸದ್ದಡಗಿದವು. ಕೇಂದ್ರದೊಂದಿಗೆ ಕೇಬಲ್ ಕಡಿದ ಟವರ್ ಒಂಟಿಯಾಗಿ ಕೆಲಸ ಮಾಡುವ ಏರ್ಪಾಟು ಟೆಟ್ರಾದಲ್ಲಿದೆ ಎಂಬುದು ಸರಿಯೇ. ಆಗ ಆ ಟವರಿನ ಅಡಿಯಲ್ಲಿದ್ದವರು ತಮ್ಮತಮ್ಮಲ್ಲಿ ಮಾತಾಡಬಹುದು, ಗುಡ್ಡದ ಆಚೆಯವರಿಗೆ ಕೇಳುವುದಿಲ್ಲ. ಪರದೆಯ ಮೂಲೆಯ ಸಣ್ಣ ಗುರುತನ್ನು ಮಳೆಯಲ್ಲಿ, ಕತ್ತಲಲ್ಲಿ ಯಾರೂ ನೋಡದಿದ್ದರೆ, ತಾವು ಆಡಿದ್ದು ಎಲ್ಲರಿಗೂ ಮುಟ್ಟಿತೆಂದೇ ಅವರು ನಂಬಿರುತ್ತಾರೆ.

ಜಾಲ ಪೂರ್ತಿ ಸುಸ್ಥಿತಿಯಲ್ಲಿದ್ದಾಗಲೂ ಅದು ಕೊಡುವ ಭರವಸೆ ಹುಸಿಯಾಗಬಹುದೆಂಬುದಕ್ಕೆ ಮ್ಯಾಂಚೆಸ್ಟರ್ ಸಾಕ್ಷಿ. ಬ್ರಿಟನ್ನಿನ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರೂ ಏರ್‌ವೇವ್ ಎಂಬ ಒಂದೇ ಟೆಟ್ರಾ ಜಾಲದಲ್ಲಿವೆ. ಮೂರೂ ಸೇವೆಗಳು ಒಟ್ಟಿಗೆ ಮಾತಾಡಬಹುದು ಎಂಬುದು ಅದನ್ನು ಸಮರ್ಥಿಸುವಾಗ ಕೊಟ್ಟ ದೊಡ್ಡ ಕಾರಣಗಳಲ್ಲಿ ಒಂದು. 2017ರ ಮೇ 22ರ ರಾತ್ರಿ ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದು 22 ಜನ ಸತ್ತಾಗ, ಮೂರೂ ಸೇವೆಗಳನ್ನು ಕೂಡಿಸುವ ಜಂಟಿ ಚಾನೆಲ್ ತೆರೆಯಲೇ ಇಲ್ಲವೆಂದು ವಿಚಾರಣೆಯ 2022ರ ವರದಿ ದಾಖಲಿಸಿತು. ಅಗ್ನಿಶಾಮಕ ದಳ ಸ್ಥಳಕ್ಕೆ ಬಂದದ್ದು ಎರಡು ಗಂಟೆಗೂ ಹೆಚ್ಚು ತಡವಾಗಿ. ಇದು ಮನುಷ್ಯರ ತಪ್ಪು, ಯಂತ್ರದ್ದಲ್ಲ ಎನ್ನಬಹುದು. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಅನಲಾಗ್ ಕಾಲದಲ್ಲಿ ಎಲ್ಲರೂ ಒಂದು ಚಾನೆಲ್ಲಿಗೆ ತಿರುಗಿದರೆ ಸಾಕಿತ್ತು. ಡಿಜಿಟಲ್ ಜಾಲದಲ್ಲಿ ಗುಂಪುಗಳನ್ನು ಮೊದಲೇ ರೂಪಿಸಿ, ಸೆಟ್ಟುಗಳಿಗೆ ತುಂಬಿಸಿ, ಘಟನೆಯ ಹೊತ್ತಿನಲ್ಲಿ ಯಾರೋ ಒಬ್ಬರು ನಿಯಂತ್ರಣ ಕೊಠಡಿಯಲ್ಲಿ ಕುಳಿತು ತೆರೆದು ಹೇಳಬೇಕು. ಆ ಒಬ್ಬರು ಕರೆಗಳ ಪ್ರವಾಹದಲ್ಲಿ ಮುಳುಗಿಹೋದರೆ ಸ್ಥಳದಲ್ಲಿದ್ದವರು ತಾವಾಗಿ ಮಾಡಿಕೊಳ್ಳಬಹುದಾದದ್ದು ಬಹಳ ಕಡಿಮೆ.

ಗೋಪ್ಯತೆಯ ಮಾತಿಗೆ ಬರೋಣ, ಏಕೆಂದರೆ ಪೊಲೀಸ್ ಇಲಾಖೆಗಳು ಡಿಜಿಟಲ್ ಬಯಸುವುದಕ್ಕೆ ಮುಖ್ಯ ಕಾರಣವೇ ಅದು. ಟೆಟ್ರಾದ ಗೂಢಲಿಪಿಯ ಲೆಕ್ಕಾಚಾರವನ್ನು ದಶಕಗಳ ಕಾಲ ಗುಟ್ಟಾಗಿಟ್ಟಿದ್ದರು, ಹೊರಗಿನ ಗಣಿತಜ್ಞರು ಪರೀಕ್ಷಿಸಲು ಅವಕಾಶವಿರಲಿಲ್ಲ. 2023ರ ಜುಲೈನಲ್ಲಿ ಮಿಡ್‌ನೈಟ್ ಬ್ಲೂ ಎಂಬ ಡಚ್ ಸಂಶೋಧಕರ ತಂಡ ಅದನ್ನು ಸೆಟ್ಟಿನೊಳಗಿಂದ ಹೊರತೆಗೆದು, ಐದು ದೋಷಗಳನ್ನು ಬಯಲು ಮಾಡಿತು. ಅದರಲ್ಲಿ ಟಿಇಎ1 ಎಂಬ ಲಿಪಿಯ ಬೀಗದ ಕೈ ಹೇಳಿಕೊಳ್ಳುವುದಕ್ಕೆ 80 ಬಿಟ್ ಉದ್ದ, ಒಳಗೆ ಅದನ್ನು 32 ಬಿಟ್ಟಿಗೆ ಕುಗ್ಗಿಸಲಾಗಿತ್ತು. ಸಾಧಾರಣ ಲ್ಯಾಪ್‌ಟಾಪ್ ಒಂದು ನಿಮಿಷದ ಆಸುಪಾಸಿನಲ್ಲಿ ಅದನ್ನು ಒಡೆಯಬಲ್ಲದು. ಯುರೋಪಿನ ಪೊಲೀಸರಿಗೆ ಬೇರೆ, ಬಲವಾದ ಲಿಪಿಯಿತ್ತು. ದುರ್ಬಲವಾದದ್ದು ಹೋದದ್ದು ಹೊರಗಿನ ಮಾರುಕಟ್ಟೆಗೆ. ಕೊಂಡ ದೇಶಗಳಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ ಎಂಬುದು ನಮ್ಮಂಥವರು ಮರೆಯಬಾರದ ಸಂಗತಿ. ಆ ವರದಿಯ ನಂತರವಷ್ಟೇ ಯುರೋಪಿನ ಮಾನಕ ಸಂಸ್ಥೆ ಲಿಪಿಗಳನ್ನು ಬಹಿರಂಗಪಡಿಸಲು ಒಪ್ಪಿತು. ಪಿ25ರ ಕಥೆ ಇನ್ನೊಂದು ಬಗೆಯದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬ್ಲೇಝ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಗಳ ಸೂಕ್ಷ್ಮ ಮಾತುಕತೆ ಎಷ್ಟೋ ಸಲ ಗೂಢಲಿಪಿಯೇ ಇಲ್ಲದೆ ಬಯಲಲ್ಲಿ ಹೋಗುತ್ತಿರುವುದು ಕಂಡಿತು. ಲಿಪಿ ಚಾಲೂ ಇದೆಯೆಂದು ಮಾತಾಡುವವರು ನಂಬಿದ್ದರು. ಸೆಟ್ಟಿನ ಗುಂಡಿ, ಪರದೆ ಅದನ್ನು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ. ಮಕ್ಕಳು ಸಂದೇಶ ಕಳಿಸಿಕೊಳ್ಳುವ ಅಗ್ಗದ ಆಟಿಕೆಯೊಂದನ್ನು ಮಾರ್ಪಡಿಸಿ ಅದೇ ಜಾಲದ ಮಾತನ್ನು ತಡೆಯಬಹುದೆಂದೂ ಅವರು ತೋರಿಸಿದರು: ಇಡೀ ಸಂಕೇತವನ್ನು ಮುಳುಗಿಸಬೇಕಿಲ್ಲ, ತುಂಡಿನ ತಲೆಯಲ್ಲಿರುವ ಗುರುತಿನ ಕೆಲವು ಬಿಟ್ಟುಗಳನ್ನು ಕೆಡಿಸಿದರೆ ಸಾಕು. ಇಲ್ಲೂ ಮತ್ತೆ ಅದೇ ದೋಷ. ರಕ್ಷಣೆ ಹೋಗಿದೆ, ಹಿಡಿದವರಿಗೆ ಗೊತ್ತಿಲ್ಲ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ದೇಶ ತನ್ನ ಅಷ್ಟೂ ತುರ್ತು ಸೇವೆಯನ್ನು ಒಂದೇ ಖಾಸಗಿ ಜಾಲದ ಮೇಲೆ ಕೂರಿಸಿದ ಮೇಲೆ ಚೌಕಾಸಿಯ ಬಲ ಉಳಿಯುವುದಿಲ್ಲ. ಏರ್‌ವೇವ್ 2016ರಲ್ಲಿ ಮೊಟೊರೊಲಾ ಕೈಗೆ ಬಂತು. ಅದರ ಜಾಗಕ್ಕೆ 4ಜಿ ಆಧಾರಿತ ಹೊಸ ಜಾಲ ತರುವ ಬ್ರಿಟಿಷ್ ಯೋಜನೆ ವರ್ಷದಿಂದ ವರ್ಷಕ್ಕೆ ಹಿಂದೆ ಬಿತ್ತು; 2019ರಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅಂದಾಜು ವೆಚ್ಚ 930 ಕೋಟಿ ಪೌಂಡಿಗೆ ಏರಿದೆ, ಮೊದಲ ಅಂದಾಜಿಗಿಂತ 310 ಕೋಟಿ ಹೆಚ್ಚು ಎಂದಿತು. ಹಳೆಯದನ್ನು ಬಿಡಲಾಗದ ಸರ್ಕಾರ ಅದಕ್ಕೆ ಹಣ ಸುರಿಯುತ್ತಲೇ ಹೋಯಿತು. ಕೊನೆಗೆ 2023ರಲ್ಲಿ ಸ್ಪರ್ಧಾ ಪ್ರಾಧಿಕಾರ ಮಧ್ಯೆ ಬಂದು ಏರ್‌ವೇವ್ ವಿಧಿಸುವ ದರಕ್ಕೆ ಮಿತಿ ಹಾಕಬೇಕಾಯಿತು.

ತರಂಗಾಂತರದ ಕೊರತೆಯಿರುವಾಗ ಡಿಜಿಟಲ್ ಅನಿವಾರ್ಯವಲ್ಲವೆ ಎಂದು ಕೇಳುವವರಿದ್ದಾರೆ. ಸಂಪೂರ್ಣ ನಿಜವಲ್ಲ. ಅಮೆರಿಕದ ಸಂಪರ್ಕ ಆಯೋಗ 2013ರ ಜನವರಿ 1ರೊಳಗೆ ಹಲವು ತರಂಗಾಂತರ ಪಟ್ಟಿಗಳಲ್ಲಿ ಚಾನೆಲ್ ಅಗಲವನ್ನು 25ರಿಂದ 12.5 ಕಿಲೋಹರ್ಟ್ಸ್‌ಗೆ ಇಳಿಸಲು ಕಡ್ಡಾಯ ಮಾಡಿದಾಗ, ಡಿಜಿಟಲ್ ಆಗಲೇಬೇಕೆಂದು ಹೇಳಲಿಲ್ಲ. ಕಿರಿದಾದ ಅನಲಾಗ್ ಚಾನೆಲ್ಲಿಗೂ ಅಲ್ಲಿ ಜಾಗವಿತ್ತು. ಜೊತೆಗೆ, ಬೆಂಕಿಯ ಸ್ಥಳದಲ್ಲಿ ಬೇಕಾಗುವುದು ನಗರವಿಡೀ ಹರಡುವ ಸಂಕೇತವಲ್ಲ, ಒಂದು ಕಟ್ಟಡದ ಒಳಗೆ ಹೊರಗೆ ಮುಟ್ಟುವ ಸಂಕೇತ. ಅಷ್ಟು ಚಿಕ್ಕ ವ್ಯಾಪ್ತಿಯ ಕೆಲವೇ ಚಾನೆಲ್ಲುಗಳನ್ನು ಊರಿನ ಎರಡು ಮೂಲೆಗಳಲ್ಲಿ ಒಟ್ಟಿಗೆ ಬಳಸಬಹುದು. ಅರಿಜೋನಾದ ಫೀನಿಕ್ಸ್ ನಗರ ಈ ವಿವೇಕವನ್ನು ತೋರಿಸಿತು. ನಗರದ ಉಳಿದ ಇಲಾಖೆಗಳು ಡಿಜಿಟಲ್ ಜಾಲಕ್ಕೆ ಹೋದಾಗ ಅಲ್ಲಿನ ಅಗ್ನಿಶಾಮಕ ದಳ ಅಪಾಯದ ವಲಯದೊಳಗಿನ ಮಾತಿಗೆ, ನಡುವೆ ಟವರ್ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರ ಹೋಗುವ ಅನಲಾಗ್ ಚಾನೆಲ್ಲುಗಳನ್ನೇ ಉಳಿಸಿಕೊಂಡಿತು. ಎರಡು ವ್ಯವಸ್ಥೆಗಳನ್ನು ನಡೆಸುವುದು ದುಬಾರಿ, ಸಿಬ್ಬಂದಿಗೆ ಗೊಂದಲ ಎಂಬ ಮಾತಿದೆ. ಗೊಂದಲ ತಪ್ಪಿಸಲು ತರಬೇತಿ ಬೇಕು ಎಂಬುದು ನಿಜ. ಆದರೆ ಒಳಗೆ ಹೋದವರಿಗೆ ಒಂದು, ನಿಯಂತ್ರಣ ಕೊಠಡಿಗೆ ಒಂದು ಎಂಬ ವಿಂಗಡಣೆ ಅವರ ಕೆಲಸದ ಸ್ವರೂಪದಲ್ಲೇ ಇದೆ. ಅದನ್ನು ರೇಡಿಯೊ ಅನುಸರಿಸಿದರೆ ತಪ್ಪೇನು?

ಈಗ ನಮ್ಮ ದೇಶದ ಮಾತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2018ರ ಜೂನ್‌ನಲ್ಲಿ ಸಾರ್ವಜನಿಕ ರಕ್ಷಣೆ ಮತ್ತು ವಿಪತ್ತು ಪರಿಹಾರಕ್ಕಾಗಿ ದೇಶವ್ಯಾಪಿ ಎಲ್‌ಟಿಇ (4ಜಿ) ಬ್ರಾಡ್‌ಬ್ಯಾಂಡ್ ಜಾಲ ಕಟ್ಟಬೇಕೆಂದು ಶಿಫಾರಸು ಮಾಡಿತು. ಹಾಗಾಗಿ ಕೆಲವರ ಪ್ರಕಾರ ಟೆಟ್ರಾದ ಕುಂದುಗಳ ಚರ್ಚೆಯೇ ಹಳತಾಯಿತು. ಮುಂದಿನದು ವಿಡಿಯೊ, ನಕ್ಷೆ, ಡೇಟಾ ಎಲ್ಲವನ್ನೂ ಹೊರುವ ಫೋನ್ ಮಾದರಿಯ ಸೆಟ್. ನನಗೆ ಕಾಣುವಂತೆ ಕುಂದುಗಳು ಅಲ್ಲಿ ಕಡಿಮೆಯಾಗುವುದಿಲ್ಲ, ಒಂದು ವಿಷಯದಲ್ಲಂತೂ ಹೆಚ್ಚುತ್ತವೆ. ಟವರ್ ಬಿದ್ದಾಗ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತಾಡುವ ಸೌಲಭ್ಯ ಟೆಟ್ರಾದಲ್ಲಿ ಕೈಗೆಟಕುವಂತಿದೆ. 4ಜಿ ಮಾನಕದಲ್ಲಿ ಅದನ್ನು ಬರೆದಿಟ್ಟಿದ್ದರೂ ಅದನ್ನು ಬೆಂಬಲಿಸುವ ಚಿಪ್ಪುಗಳು ಮಾರುಕಟ್ಟೆಗೆ ಬರಲೇ ಇಲ್ಲ ಎನ್ನಬಹುದಾದಷ್ಟು ವಿರಳ. ಬ್ರಿಟನ್ನಿನ ಹೊಸ ಯೋಜನೆ ಎಡವಿದ ಕಲ್ಲುಗಳಲ್ಲಿ ಇದೂ ಒಂದು. ಸಾಮಾನ್ಯ ಫೋನಿನ ಪ್ರಸಾರ ಶಕ್ತಿ 0.2 ವ್ಯಾಟ್, ವಾಕಿಟಾಕಿಯದು 1ರಿಂದ 5 ವ್ಯಾಟ್. ಕಾಂಕ್ರೀಟಿನ ಮೂರು ಗೋಡೆ ದಾಟಬೇಕಾದಾಗ ಆ ವ್ಯತ್ಯಾಸ ಕೇಳಿಸುತ್ತದೆ. ನಮ್ಮ ಘಟ್ಟಗಳ ಸ್ಥಿತಿಯೂ ಎಲ್ಲರಿಗೂ ತಿಳಿದದ್ದೇ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಕರೆಂಟಿನೊಂದಿಗೆ ಮೊಬೈಲ್ ಟವರುಗಳೂ ಹೋಗಿ ಎಷ್ಟೋ ಹಳ್ಳಿಗಳು ಕಡಿದುಹೋದವು. 2024ರ ಜುಲೈ 30ರಂದು ನಮ್ಮ ಗಡಿಯ ಆಚೆಯ ವಯನಾಡಿನಲ್ಲಿ ಮುಂಡಕೈ, ಚೂರಲ್‌ಮಲೆ ಮಣ್ಣಿನಡಿ ಹೋದಾಗ ಹವ್ಯಾಸಿ ರೇಡಿಯೊ ಬಳಗದವರು ಕಲ್ಪೆಟ್ಟಾದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಹ್ಯಾಮ್ ಕೇಂದ್ರ ಇಟ್ಟು ಸಂಪರ್ಕ ಕಲ್ಪಿಸಿದರು. 2004ರ ಸುನಾಮಿಯ ದಿನ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ತಂಡ ಅಂಡಮಾನಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದೂ ಹ್ಯಾಮ್ ಸೆಟ್ಟುಗಳಿಂದಲೇ. ಹವ್ಯಾಸಿಗಳ ಸೇವೆಗೆ ಕೈಮುಗಿಯೋಣ. ಆದರೆ ಸರ್ಕಾರ ಕೋಟಿಗಟ್ಟಲೆ ಸುರಿದು ಕಟ್ಟುವ ಜಾಲ ಬಿದ್ದಾಗ ಅವರೇ ಬರಲಿ ಎಂದು ಕೂರುವುದು ಯೋಜನೆ ಎನಿಸಿಕೊಳ್ಳುವುದಿಲ್ಲ.

ಡಿಜಿಟಲ್ ಬೇಡವೆಂದು ನಾನು ಕೇಳುತ್ತಿಲ್ಲ. ಪೊಲೀಸರ ಗೋಪ್ಯ ಕೆಲಸಕ್ಕೆ, ಜಿಲ್ಲೆ ಜಿಲ್ಲೆಗಳ ನಡುವಿನ ಸಂಪರ್ಕಕ್ಕೆ ಅದು ಬೇಕು. ಕೇಳುತ್ತಿರುವುದು ಖರೀದಿಯ ಕಾಗದದಲ್ಲಿ ಕೆಲವು ಕಟ್ಟುನಿಟ್ಟಿನ ಸಾಲುಗಳನ್ನು. ಅಗ್ನಿಶಾಮಕ ಠಾಣೆಗೆ ಬರುವ ಪ್ರತಿಯೊಂದು ಸೆಟ್ಟಿನಲ್ಲೂ ಟವರಿನ ಹಂಗಿಲ್ಲದೆ ನೇರ ಹೋಗುವ ಒಂದು ಚಾನೆಲ್ ಇರಬೇಕು, ದಪ್ಪ ಕೈಗವಸು ತೊಟ್ಟು ಕತ್ತಲಲ್ಲಿ ತಡವಿದರೂ ಸಿಗುವ ತಿರುಗುಗುಂಡಿಯಲ್ಲಿ ಇರಬೇಕು. ಸಂಪರ್ಕದ ಅಂಚಿಗೆ ಬಂದಾಗ, ಟವರ್ ಒಂಟಿಯಾದಾಗ, ಗೂಢಲಿಪಿ ಆರಿದಾಗ ಸೆಟ್ ಕಿವಿಗೆ ಕೇಳುವಂತೆ ತಿಳಿಸಬೇಕು. ಪರದೆಯ ಗುರುತು ಸಾಲದು. ಟವರಿನ ಬ್ಯಾಟರಿ, ಜನರೇಟರ್ ಎಷ್ಟು ಗಂಟೆ ಎಂಬುದನ್ನು ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಲೆಕ್ಕದಲ್ಲಿ ನಿಗದಿ ಮಾಡಬೇಕು. ಪರೀಕ್ಷಿಸಲು ಬಿಡದ ಗುಟ್ಟಿನ ಲಿಪಿಯನ್ನು ಕೊಳ್ಳಬಾರದು. ಪರೀಕ್ಷೆಯನ್ನು ಮಾರಾಟಗಾರರ ಹವಾನಿಯಂತ್ರಿತ ಕೋಣೆಯಲ್ಲಿ ಅಲ್ಲ, ಆ ಊರಿನ ನೆಲಮಾಳಿಗೆಯ ವಾಹನ ನಿಲ್ದಾಣದಲ್ಲಿ, ಜವಳಿ ಗೋದಾಮಿನಲ್ಲಿ, ಬಹುಮಹಡಿ ಆಸ್ಪತ್ರೆಯ ಮೆಟ್ಟಿಲ ಸಂದಿಯಲ್ಲಿ ನಡೆಸಬೇಕು: ಮುಖಗವಸು ಬಿಗಿದು, ಗರಗಸ ಚಾಲೂ ಮಾಡಿ, ಎಚ್ಚರಿಕೆ ಗಂಟೆ ಬಡಿಯುತ್ತಿರುವಾಗ. ಹೊರಗೆ ಕೂತು ಕೇಳಿ ಅಂಕ ಹಾಕುವವರು ಖರೀದಿ ಸಮಿತಿಯವರಾಗಬಾರದು, ಅದೇ ಠಾಣೆಯ ಸಿಬ್ಬಂದಿಯಾಗಿರಬೇಕು. ಅವರು ಮಾತು ತಿಳಿಯಲಿಲ್ಲ ಎಂದರೆ ಆ ಟೆಂಡರ್ ಅಲ್ಲಿಗೇ ನಿಲ್ಲಬೇಕು.